ಮೂರಕ್ಷರದ ಹಿಡಿಕೆ

ಮಗು ಹುಟ್ಟಿದ ಮನೆಗೆ ಬರುವ ಫೋನುಗಳಿಗೆ ಒಂದು ಕ್ರಮವಿದೆ. ಮೊದಲ ದಿನ ಗಂಡೋ ಹೆಣ್ಣೋ, ತೂಕ ಎಷ್ಟು, ನಾರ್ಮಲ್ಲೋ ಸಿಜೇರಿಯನ್ನೋ. ಮಾರನೆಯ ದಿನ ಮೂಗು ಯಾರ ಕಡೆಯದು. ಐದಾರು ದಿನ ಕಳೆಯಿತೆಂದರೆ ಅಜ್ಜಿಯರ ಸರದಿ: "ಹೊಕ್ಕುಳ ಬಳ್ಳಿ ಬಿತ್ತೇನೇ?" ಬಿದ್ದಿದೆ ಎಂದರೆ ಸಮಾಧಾನ. ಇನ್ನೂ ಇಲ್ಲ ಎಂದರೆ ಆ ಕಡೆ ಒಂದು ಗಳಿಗೆ ಸದ್ದಿಲ್ಲ, ಆಮೇಲೆ ಕೊಬ್ಬರಿ ಎಣ್ಣೆ, ಅರಿಸಿನ ಎಂದು ಶುರುವಾಗುತ್ತದೆ. ಏನೂ ಹಚ್ಚಬೇಡಿ, ಒಣಗಿದ್ದರೆ ಸಾಕು ಎಂದು ಡಾಕ್ಟರಮ್ಮ ಹೇಳಿರುತ್ತಾರೆ. ಅವರಿಗೇನು ಗೊತ್ತು, ಹೆತ್ತು ಹೊತ್ತವರೇ ಎಂದು ಅಜ್ಜಿಯರ ಮರುಪ್ರಶ್ನೆ. ಡಾಕ್ಟರಮ್ಮನಿಗೆ ಮೂರು ಮಕ್ಕಳಿದ್ದರೂ ಈ ಪ್ರಶ್ನೆಯಿಂದ ವಿನಾಯಿತಿಯಿಲ್ಲ.

ಬಳ್ಳಿ ಬಿತ್ತೇ ಎಂಬ ವಿಚಾರಣೆಗೆ ವೈದ್ಯಶಾಸ್ತ್ರದಲ್ಲೂ ಒಂದು ಜಾಗವಿದೆ ಎಂದು ನನಗೆ ಹೇಳಿದವಳು ನಮ್ಮ ಅಕ್ಕನ ಮಗಳು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಸಂಶೋಧನೆ ಮಾಡುತ್ತಾಳೆ. "ಸೆಲ್ ಮೇಲೆ ಕೆಲಸ" ಎಂದು ಅವಳು ಹೇಳಿದ್ದನ್ನು ನೆಂಟರಲ್ಲಿ ಅರ್ಧ ಜನ ಮೊಬೈಲ್ ರಿಪೇರಿ ಎಂದು ತಿಳಿದುಕೊಂಡಿದ್ದಾರೆ. ಮದುವೆ ಮುಂಜಿಗಳಲ್ಲಿ ಅವರ ಮನೆಯ ಕೆಟ್ಟ ಫೋನುಗಳು ಮೆಲ್ಲಗೆ ಅವಳ ಕೈಗೆ ಬರುತ್ತವೆ.

"ಬಳ್ಳಿ ತಾನಾಗಿ ಬೀಳಲ್ಲ ಮಾವ, ಬೀಳಿಸ್ತಾರೆ" ಅಂದಳು.

"ಯಾರೇ ಅದು?"

"ಬಿಳಿ ರಕ್ತಕಣಗಳು."

ಒಣಗಿದ ಬಳ್ಳಿಯ ಬುಡಕ್ಕೆ ಬಿಳಿ ರಕ್ತಕಣಗಳು ಬಂದು ಸೇರಿ, ಸತ್ತದ್ದನ್ನು ಬದುಕಿದ್ದರಿಂದ ಬಿಡಿಸುತ್ತವೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕೆಲಸ ಮುಗಿಯುತ್ತದೆ. ಆದರೆ ರಕ್ತನಾಳದಲ್ಲಿ ಹರಿದು ಹೋಗುತ್ತಿರುವ ಕಣ ಆ ಬುಡಕ್ಕೆ ಬರುವುದು ಹೇಗೆ? ನಾಳದ ಗೋಡೆಯನ್ನು ಮುಟ್ಟಿ, ಅದರ ಮೇಲೆ ಉರುಳುತ್ತ ಉರುಳುತ್ತ ವೇಗ ಕಳೆದುಕೊಂಡು, ತಕ್ಕ ಸುಳಿವು ಸಿಕ್ಕ ಜಾಗದಲ್ಲಿ ಗೋಡೆಯನ್ನು ಗಟ್ಟಿಯಾಗಿ ಹಿಡಿದು ನಿಂತು, ಸಂದಿಯಲ್ಲಿ ನುಸುಳಿ ಆಚೆ ಬರಬೇಕು. ಗಟ್ಟಿಯಾಗಿ ಹಿಡಿಯುವುದಕ್ಕೆ ಅದರ ಮೈಮೇಲೆ ಇಂಟೆಗ್ರಿನ್ ಎಂಬ ಗ್ರಾಹಕ ಪ್ರೋಟೀನುಗಳಿವೆ. ತೀರ ಅಪರೂಪಕ್ಕೆ ಕೆಲವು ಮಕ್ಕಳು ಬಿಳಿ ಕಣಗಳ ಇಂಟೆಗ್ರಿನ್ನಿನ ಒಂದು ಭಾಗವೇ ಇಲ್ಲದೆ ಹುಟ್ಟುತ್ತಾರೆ. ಅವರ ರಕ್ತ ಪರೀಕ್ಷೆ ಮಾಡಿದರೆ ಬಿಳಿ ಕಣಗಳ ಸಂಖ್ಯೆ ಕಡಿಮೆಯಲ್ಲ, ವಿಪರೀತ ಜಾಸ್ತಿ. ಇರುವವೆಲ್ಲ ರಕ್ತದಲ್ಲೇ ಸುತ್ತುತ್ತಿರುತ್ತವೆ, ಹೊರಗೆ ಬರಲಾರವು. ಗಾಯ ಕೆಡುತ್ತದೆ, ಕೀವು ಮಾತ್ರ ಆಗುವುದಿಲ್ಲ. ಕೀವಾಗಲಿಲ್ಲವಲ್ಲ ಎಂದು ಯಾರು ತಾನೇ ಗಾಬರಿಯಾಗುತ್ತಾರೆ? ಹಾಗಾಗಿ ವೈದ್ಯರಿಗೆ ಮೊದಲು ಸಿಗುವ ಸುಳಿವುಗಳಲ್ಲಿ ಒಂದು, ಮೂರು ನಾಲ್ಕು ವಾರ ಕಳೆದರೂ ಬೀಳದ ಹೊಕ್ಕುಳ ಬಳ್ಳಿ. ಇದು ಹತ್ತು ಲಕ್ಷಕ್ಕೊಬ್ಬರಿಗೆ ಬರುವಂಥ ಕಾಯಿಲೆ. ಬಳ್ಳಿ ತಡವಾಯಿತು ಎಂದ ಮಾತ್ರಕ್ಕೆ ಕಾಯಿಲೆ ಎಂದಲ್ಲ. ಈ ಪ್ರಬಂಧವನ್ನು ಅಜ್ಜಿಯರಿಗೆ ಓದಿ ಹೇಳುವವರು ಹಿಂದಿನ ವಾಕ್ಯವನ್ನು ಎರಡು ಸಲ ಓದಬೇಕಾಗಿ ವಿನಂತಿ.

ಕೋಟಿ ಕೋಟಿ ಜೀವಕೋಶಗಳ ಈ ದೇಹ ಬೆಳಿಗ್ಗೆ ಎದ್ದು ಕೂತಾಗ ಚದುರಿ ಹೋಗದೆ ಒಟ್ಟಿಗೇ ಏಳುತ್ತದಲ್ಲ, ಅದು ಹೇಗೆ ಎಂದು ನಾವು ಕೇಳಿಕೊಳ್ಳುವುದಿಲ್ಲ. ಕೇಳಿದರೂ ಏನೋ ಗೋಂದು ಇರಬೇಕು ಎಂದು ಸುಮ್ಮನಾಗುತ್ತೇವೆ. ಅದು ಅರ್ಧ ಸರಿ. ಕೋಶಗಳ ಹೊರಗೆ ಕೊಲಾಜೆನ್, ಲ್ಯಾಮಿನಿನ್, ಫೈಬ್ರೊನೆಕ್ಟಿನ್ ಮುಂತಾದ ಪ್ರೋಟೀನುಗಳ ಬಲೆಯೊಂದು ಹರಡಿಕೊಂಡಿದೆ. ಅಂಟು ಪ್ರೋಟೀನು ಎಂದು ಕರೆಯುವುದೂ ಉಂಟು. ಆದರೆ ಗೋಂದಿಗೆ ಆಯ್ಕೆಯಿಲ್ಲ. ಲಕೋಟೆಗೆ ಹಚ್ಚಲು ಹೋದರೆ ಬೆರಳಿಗೆ, ಬೆರಳಿನಿಂದ ಕನ್ನಡಕಕ್ಕೆ, ಕನ್ನಡಕದಿಂದ ಮೂಗಿಗೆ. ಜೀವಕೋಶ ಹೀಗೆ ಅಂಟಿಸಿಕೊಳ್ಳುವುದಿಲ್ಲ, ಹಿಡಿದುಕೊಳ್ಳುತ್ತದೆ. ಯಾವುದನ್ನು, ಯಾವಾಗ, ಎಷ್ಟು ಹೊತ್ತು ಎಂಬುದೆಲ್ಲ ಅದರದೇ ತೀರ್ಮಾನ. ಬೇಡವಾದಾಗ ಬಿಡುತ್ತದೆ. ಮೂವತ್ತೈದು ವರ್ಷ ಒಂದೇ ಬಗೆಯ ಕಡತಗಳನ್ನು ಬಿಡದೆ ಹಿಡಿದಿದ್ದ ನನ್ನಂಥ ಗುಮಾಸ್ತನಿಗೆ ಇದರಲ್ಲಿ ಒಂದು ಸೊಗಸು ಕಾಣುತ್ತದೆ.

ಹಿಡಿದುಕೊಳ್ಳುವುದಕ್ಕೆ ಏನೋ ಒಂದಿದೆ ಎಂದು ಗೊತ್ತಾದದ್ದು ಅದು ಕಳೆದುಹೋದ ಕಡೆ. 1973ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಹೈನ್ಸ್, ಸರಿಯಾದ ಕೋಶಗಳ ಮೈಮೇಲಿನ ಪ್ರೋಟೀನುಗಳನ್ನೂ ಕ್ಯಾನ್ಸರಿಗೆ ತಿರುಗಿದ ಕೋಶಗಳ ಪ್ರೋಟೀನುಗಳನ್ನೂ ಹೋಲಿಸಿ ನೋಡಿದರು. ಸರಿಯಾದವುಗಳ ಮೇಲೆ ಒಂದು ದೊಡ್ಡ ಪ್ರೋಟೀನು ಇತ್ತು, ಕ್ಯಾನ್ಸರಿನವುಗಳ ಮೇಲೆ ಅದು ಕಾಣೆ. ಅದೇ ಹೊತ್ತಿಗೆ ಹೆಲ್ಸಿಂಕಿಯಲ್ಲಿ ಎರ್ಕಿ ರುಒಸ್ಲಾಹ್ಟಿ ಮತ್ತು ಆಂಟಿ ವಾಹೇರಿ ಬೇರೆ ದಾರಿಯಲ್ಲಿ ಅಲ್ಲಿಗೇ ಬಂದಿದ್ದರು. ಅದೇ ಫೈಬ್ರೊನೆಕ್ಟಿನ್. ಅದನ್ನು ಕ್ಯಾನ್ಸರ್ ಕೋಶಗಳಿಗೆ ಹೊರಗಿನಿಂದ ಕೊಟ್ಟು ನೋಡಿದಾಗ, ಗುಂಡಗೆ ಮುದುರಿಕೊಂಡಿದ್ದವು ಸಭ್ಯವಾಗಿ ಹರಡಿಕೊಂಡು ಚಪ್ಪಟೆಯಾದವು. ಬೆಳೆಯುವ ಹುಚ್ಚು ಮಾತ್ರ ಹೋಗಲಿಲ್ಲ. ಆಕಾರ ಸುಧಾರಿಸಿತು, ಗುಣ ಸುಧಾರಿಸಲಿಲ್ಲ. ಇಂಥವರನ್ನು ನಾನು ಆಫೀಸಿನಲ್ಲೂ ಕಂಡಿದ್ದೇನೆ.

ಈ ಪ್ರೋಟೀನು ಹೊಸದೂ ಅಲ್ಲ. ರಕ್ತದ ಪ್ಲಾಸ್ಮಾವನ್ನು ತಣ್ಣಗೆ ಮಾಡಿದಾಗ ಗಸಿಯಾಗಿ ಇಳಿಯುವ ಒಂದು ವಸ್ತುವನ್ನು 1948ರಲ್ಲೇ ಕೆಲವರು ಗುರುತಿಸಿ, ಅದಕ್ಕೊಂದು ಒಣಕಲು ಹೆಸರು ಕೊಟ್ಟು ಬದಿಗಿಟ್ಟಿದ್ದರು. ಲೀಟರು ಪ್ಲಾಸ್ಮಾದಲ್ಲಿ ಗ್ರಾಮಿನ ಮೂರನೆಯ ಒಂದು ಭಾಗದಷ್ಟು ಇದೆ, ಅಂಥ ಕೊರತೆಯೇನಿಲ್ಲ. ಕೋಶದ ಮೈಮೇಲೆ ಸಿಕ್ಕ ಅಪರೂಪದ ಪ್ರೋಟೀನೂ ಫ್ರಿಜ್ಜಿನ ತಳದಲ್ಲಿ ಕೂತಿದ್ದ ಗಸಿಯೂ ಒಂದೇ ಎಂದು ತಿಳಿಯಲು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಬೇಕಾಯಿತು.

ಆಮೇಲೆ ಬಂದ ಸಂಗತಿ ನನ್ನ ಮಟ್ಟಿಗೆ ಇಡೀ ಕಥೆಯ ಸಾರ. ಫೈಬ್ರೊನೆಕ್ಟಿನ್ನಿನ ಒಂದೊಂದು ಎಳೆಯಲ್ಲಿ ಸುಮಾರು 2,400 ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿವೆ. ಇಷ್ಟುದ್ದದ ಸಾಲಿನಲ್ಲಿ ಕೋಶ ಹಿಡಿಯುವುದು ಎಲ್ಲಿ? ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಮೈಕೆಲ್ ಪಿಯರ್ಶ್‌ಬಾಕರ್ ಮತ್ತು ರುಒಸ್ಲಾಹ್ಟಿ ಅದನ್ನು ತುಂಡರಿಸುತ್ತ, ಚಿಕ್ಕ ಚಿಕ್ಕ ತುಂಡುಗಳನ್ನು ತಾವೇ ತಯಾರಿಸಿ ಕೋಶಗಳಿಗೆ ಒಡ್ಡುತ್ತ, 1984ರಲ್ಲಿ ಉತ್ತರ ಕಂಡರು: ಅರ್ಜಿನೈನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ. ಆರ್, ಜಿ, ಡಿ. ಮೂರೇ ಅಕ್ಷರ. ಸಿಟಿ ಬಸ್ಸಿನಲ್ಲಿ ಸೀಟು, ಕಿಟಕಿ, ಜಾಹೀರಾತು ಏನೆಲ್ಲ ಇದ್ದರೂ ನಿಂತವನ ಕೈ ಹುಡುಕುವುದು ಮೇಲಿನ ಕಂಬಿಗೆ ತೂಗುಬಿಟ್ಟ ಹಿಡಿಕೆಯನ್ನು. ಈ ಮೂರಕ್ಷರ ಅಂಥ ಹಿಡಿಕೆ. ಕೊನೆಯ ಆಸ್ಪಾರ್ಟಿಕ್ ಆಮ್ಲವನ್ನು ತೆಗೆದು, ಅದಕ್ಕಿಂತ ಒಂದೇ ಒಂದು ಇಂಗಾಲ ಹೆಚ್ಚಿರುವ ಗ್ಲುಟಾಮಿಕ್ ಆಮ್ಲವನ್ನು ಇಟ್ಟರೆ ಮುಗಿಯಿತು, ಕೋಶ ತಿರುಗಿಯೂ ನೋಡುವುದಿಲ್ಲ.

ಹಿಡಿಕೆ ಸಿಕ್ಕ ಮೇಲೆ ಕೈಯನ್ನೂ ಹುಡುಕಬೇಕಲ್ಲ. 1986ರ ಹೊತ್ತಿಗೆ ಅದೂ ಸಿಕ್ಕಿ, ಇಂಟೆಗ್ರಿನ್ ಎಂದು ಹೆಸರಾಯಿತು. ಒಂದು ಆಲ್ಫಾ, ಒಂದು ಬೀಟಾ, ಎರಡೂ ಸೇರಿ ಒಂದು ಜೋಡಿ. ಮನುಷ್ಯರಲ್ಲಿ 18 ಬಗೆಯ ಆಲ್ಫಾ, 8 ಬಗೆಯ ಬೀಟಾ ಇವೆ. ಲೆಕ್ಕದ ಪ್ರಕಾರ 144 ಜೋಡಿಯಾಗಬಹುದಿತ್ತು, ಕೂಡಿಕೊಂಡಿರುವುದು 24. ಅವುಗಳಲ್ಲಿ ಎಂಟು ಜೋಡಿಗಳು ಈ ಮೂರಕ್ಷರವನ್ನು ಗುರುತಿಸುತ್ತವೆ. ಉಳಿದವಕ್ಕೆ ಬೇರೆ ಬೇರೆ ಹಿಡಿಕೆಗಳು. ಹೈನ್ಸ್, ರುಒಸ್ಲಾಹ್ಟಿ, ಮತ್ತು ಬಿಳಿ ಕಣಗಳ ಇಂಟೆಗ್ರಿನ್ ಕಂಡ ತಿಮೊತಿ ಸ್ಪ್ರಿಂಗರ್ ಮೂವರಿಗೂ 2022ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಸುಮಾರು ನಲವತ್ತು ವರ್ಷ ಕಾಯಬೇಕಾಯಿತೆಂದರೆ, ನಮ್ಮ ಇಲಾಖೆಯ ಬಡ್ತಿಗಳೇ ವಾಸಿ.

ಅಕ್ಕನ ಮಗಳು ಒಮ್ಮೆ ನನ್ನನ್ನು ತನ್ನ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದಳು. ಪಕ್ಕಕ್ಕೆ ಮಲಗಿಸಿದ ಚಪ್ಪಟೆ ಪ್ಲಾಸ್ಟಿಕ್ ಬಾಟಲಿ, ಒಳಗೆ ಗುಲಾಬಿ ಬಣ್ಣದ ದ್ರವ. ಶರಬತ್ತು ಎಂದುಕೊಂಡು ಯಾರೂ ಕುಡಿಯದಿರಲಿ ಎಂದೋ ಏನೋ, ಬಾಗಿಲ ಮೇಲೆ ತಿನ್ನಬಾರದು ಕುಡಿಯಬಾರದು ಎಂದು ಬರೆದಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾಟಲಿಯ ತಳದಲ್ಲಿ ಕೋಶಗಳು ಮೈಚಾಚಿ ಮಲಗಿದ್ದವು, ಒಂದೊಂದಕ್ಕೂ ಮೂರು ನಾಲ್ಕು ಮೂಲೆ. ಬರೀ ಪ್ಲಾಸ್ಟಿಕ್ಕಿಗೆ ಇವು ಕೂರುವುದಿಲ್ಲವಂತೆ. ಮೊದಲು ಪ್ಲಾಸ್ಟಿಕ್ಕಿನ ಮೈಯನ್ನು ನೀರಿಗೆ ಒಗ್ಗುವ ಹಾಗೆ ಮಾಡಿರುತ್ತಾರೆ. ದ್ರವದಲ್ಲಿ ಬೆರೆಸಿದ ಕರುವಿನ ಸೀರಮ್ಮಿನ ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಅದರ ಮೇಲೆ ಪದರವಾಗಿ ಕೂರುತ್ತವೆ. ಕೋಶಗಳು ಹಿಡಿಯುವುದು ಆ ಪದರವನ್ನು.

ಬಾಟಲಿ ತುಂಬಿದರೆ ಇವುಗಳನ್ನು ಬಿಡಿಸಿ ಬೇರೆ ಬೇರೆ ಬಾಟಲಿಗೆ ಹಾಕಬೇಕು. ಅದಕ್ಕೆ ಮುಹೂರ್ತವಿಲ್ಲ, ಭಾನುವಾರವಿಲ್ಲ. ತನ್ನ ಅಣ್ಣನ ಮದುವೆಯ ಆರತಕ್ಷತೆಯಿಂದಲೂ ಅವಳು ಎದ್ದು ಹೋಗಿದ್ದಳು. "ಹಸುಗೂಸಾದರೂ ಅಷ್ಟು ಹೊತ್ತು ಯಾರ ಮಡಿಲಲ್ಲಾದರೂ ಇರತ್ತೆ, ಇದೇನು ಕೋಶವೋ" ಎಂದು ಅಕ್ಕ ಇವತ್ತಿಗೂ ಗೊಣಗುತ್ತಾಳೆ. ಬಿಡಿಸುವುದನ್ನು ನನ್ನೆದುರಿಗೇ ಮಾಡಿ ತೋರಿಸಿದಳು. ದ್ರವ ಚೆಲ್ಲಿ, ಉಪ್ಪುನೀರಿನಲ್ಲಿ ತೊಳೆದು, ಒಂದಿಷ್ಟು ಟ್ರಿಪ್ಸಿನ್ ಹಾಕಿದಳು. ನಮ್ಮ ಕರುಳಿನಲ್ಲಿ ಊಟದ ಪ್ರೋಟೀನನ್ನು ಅರಗಿಸುವುದೂ ಇದೇ. ಇಲ್ಲಿ ಕೋಶ ಹಿಡಿದುಕೊಂಡ ಪ್ರೋಟೀನನ್ನು ಕತ್ತರಿಸುತ್ತದೆ. ಜೊತೆಗೆ ಇಡಿಟಿಎ ಎಂಬ ಇನ್ನೊಂದು, ಕ್ಯಾಲ್ಸಿಯಂ ಮೆಗ್ನೀಸಿಯಂಗಳನ್ನು ಸೆಳೆದುಕೊಳ್ಳುತ್ತದೆ. ಇಂಟೆಗ್ರಿನ್ನಿನ ಅಂಗೈಯಲ್ಲಿ ಈ ಲೋಹದ ಅಯಾನು ಇಲ್ಲದಿದ್ದರೆ ಹಿಡಿತವೇ ಕೂಡುವುದಿಲ್ಲ. ಸ್ವಲ್ಪ ಹೊತ್ತಿಗೆ ಮೂಲೆಗಳೆಲ್ಲ ಒಳಸರಿದು ಕೋಶಗಳು ದುಂಡಗಾದವು. ಅವಳು ಬಾಟಲಿಯ ಪಕ್ಕಕ್ಕೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟಳು. ಎಲ್ಲ ತೇಲಿದವು.

"ಹೀಗೇ ಬಿಟ್ರೆ?"

"ಸಾಯ್ತವೆ ಮಾವ. ಹಿಡ್ಕೊಳ್ಳೋಕೆ ಏನೂ ಸಿಗದಿದ್ರೆ ಹೆಚ್ಚಿನ ಕೋಶಗಳು ತಾವೇ ಸಾಯ್ತವೆ."

ಉಪವಾಸದಿಂದಲ್ಲ, ಗುಲಾಬಿ ದ್ರವದಲ್ಲಿ ಊಟ ಬೇಕಾದಷ್ಟಿದೆ. ನೆಲೆ ಸಿಕ್ಕಿದೆ ಎಂಬ ಸುದ್ದಿ ಇಂಟೆಗ್ರಿನ್ನಿನ ಮೂಲಕ ಒಳಗೆ ಹೋಗುತ್ತಿರಬೇಕು, ನಿಂತರೆ ಕೋಶ ತನ್ನನ್ನು ತಾನೇ ಕಳಚಿ ಮುಗಿಸಿಕೊಳ್ಳುತ್ತದೆ. ಕರುಳಿನ ಕೋಶ ಕಿತ್ತು ಹೋಗಿ ಇನ್ನೆಲ್ಲೋ ಮನೆ ಹೂಡದಿರಲಿ ಎಂದು ದೇಹ ಇಟ್ಟುಕೊಂಡ ಕಟ್ಟುಪಾಡು ಇದು. ಕ್ಯಾನ್ಸರ್ ಹರಡುವುದು ಈ ಕಟ್ಟುಪಾಡು ಮುರಿದ ಕೋಶಗಳಿಂದ.

ಹಿಡಿದ ಕೈಗೆ ಹಿಡಿದದ್ದು ಮೆತ್ತಗಿದೆಯೋ ಗಟ್ಟಿಯೋ ಎಂಬುದೂ ತಿಳಿಯುತ್ತದೆ. ಫಿಲಡೆಲ್ಫಿಯಾದಲ್ಲಿ ಡೆನಿಸ್ ಡಿಶರ್ ಮತ್ತು ಆಡಮ್ ಎಂಗ್ಲರ್ ತಂಡ 2006ರಲ್ಲಿ ಮಜ್ಜೆಯ ಕಾಂಡಕೋಶಗಳನ್ನು ಬೇರೆ ಬೇರೆ ಬಿಗುವಿನ ಲೋಳೆಗಳ ಮೇಲೆ ಬೆಳೆಸಿತು. ಮೇಲೆ ಹಚ್ಚಿದ ಕೊಲಾಜೆನ್ ಎಲ್ಲಕ್ಕೂ ಒಂದೇ. ಮಿದುಳಿನಷ್ಟು ಮೆದುವಾದ ಲೋಳೆಯ ಮೇಲೆ ಅವು ನರಕೋಶದ ರೂಪ ತಳೆದವು, ಸ್ನಾಯುವಿನಷ್ಟು ಬಿಗಿಯಾದುದರ ಮೇಲೆ ಸ್ನಾಯುವಿನ ಕಡೆಗೆ, ಇನ್ನೂ ಗಟ್ಟಿಯಾದುದರ ಮೇಲೆ ಮೂಳೆಯ ಕಡೆಗೆ ವಾಲಿದವು. ಕೋಶ ತಾನು ಹಿಡಿದದ್ದನ್ನು ಸುಮ್ಮನೆ ಹಿಡಿದಿರುವುದಿಲ್ಲ, ಸದಾ ಒಂದಿಷ್ಟು ಎಳೆದು ನೋಡುತ್ತಿರುತ್ತದೆ. ಎಳೆದಾಗ ಏನಾಗುತ್ತದೆ ಎನ್ನುವುದು ಇನ್ನೂ ಚೆನ್ನ. ಫೈಬ್ರೊನೆಕ್ಟಿನ್ನನ್ನು ಹಿಡಿದ ಒಂದು ಜಾತಿಯ ಇಂಟೆಗ್ರಿನ್ನನ್ನು ಎಳೆದರೆ, ಒಂದು ಮಿತಿಯವರೆಗೆ ಎಳೆದಷ್ಟೂ ಹಿಡಿತ ಹೆಚ್ಚು ಹೊತ್ತು ನಿಲ್ಲುತ್ತದೆ. ಡ್ರೈವರ್ ಬ್ರೇಕ್ ಹಾಕಿದಾಗ ನಿಂತವರ ಬೆರಳು ಹಿಡಿಕೆಗೆ ಬಿಗಿಯುವುದಿಲ್ಲವೇ, ಅದೇ. ಮಿತಿ ದಾಟಿತೋ, ಕಂಡಕ್ಟರ್ ಮೇಲೆ.

ಎಲ್ಲ ಕೈಗಳೂ ಸದಾ ಚಾಚಿಕೊಂಡೇ ಇದ್ದರೆ ಆಪತ್ತು. ಡೆಂಗಿ ಕಾಲದಲ್ಲಿ ನಮ್ಮಲ್ಲಿ ಪ್ಲೇಟ್‌ಲೆಟ್ ಕೌಂಟ್ ಕ್ರಿಕೆಟ್ ಸ್ಕೋರಿಗಿಂತ ಹೆಚ್ಚು ಜನರ ಬಾಯಲ್ಲಿರುತ್ತದೆ. ನಲವತ್ತು ಸಾವಿರಕ್ಕೆ ಬಂತಂತೆ, ಪರಂಗಿ ಎಲೆಯ ರಸ ಕೊಟ್ಟರಂತೆ, ಅರವತ್ತಕ್ಕೆ ಏರಿತಂತೆ. ಆ ಒಂದೊಂದು ಪ್ಲೇಟ್‌ಲೆಟ್ಟಿನ ಮೈಮೇಲೂ ಒಂದೇ ಜಾತಿಯ ಇಂಟೆಗ್ರಿನ್ನುಗಳು ಸುಮಾರು 80,000 ಇವೆ. ಅವು ಹಿಡಿಯುವ ಫೈಬ್ರಿನೊಜೆನ್ ರಕ್ತದ ತುಂಬ ಹರಿಯುತ್ತಿದೆ. ಎಲ್ಲ ಕೈ ತೆರೆದಿದ್ದರೆ ಈ ವಾಕ್ಯ ಮುಗಿಯುವುದರೊಳಗೆ ನಮ್ಮ ರಕ್ತ ಗರಣೆಗಟ್ಟಿರುತ್ತಿತ್ತು. ಅದಕ್ಕೇ ಅವು ಮಂಡಿ ಮಡಿಚಿ, ತಲೆ ಬಗ್ಗಿಸಿಕೊಂಡಿರುತ್ತವೆ. ತಲೆ, ಕಾಲು, ಮಂಡಿ ಎನ್ನುವುದು ವಿಜ್ಞಾನಿಗಳದೇ ಪರಿಭಾಷೆ. 2001ರಲ್ಲಿ ಇಂಟೆಗ್ರಿನ್ನಿನ ಹರಳಿನ ಚಿತ್ರ ಮೊದಲ ಬಾರಿಗೆ ಬಂದಾಗ ಅದು ಹೀಗೆ ಮಡಿಚಿಕೊಂಡಿದ್ದನ್ನು ಕಂಡು ಅವರೇ ಬೆರಗಾದರು. ಎಲ್ಲೋ ಗಾಯವಾದಾಗ ಕೋಶದ ಒಳಗಿನಿಂದ ಟ್ಯಾಲಿನ್ ಎಂಬ ಪ್ರೋಟೀನು ಬಂದು ಕಾಲನ್ನು ತಟ್ಟುತ್ತದೆ, ಆಗ ಎದ್ದು ನಿಲ್ಲುತ್ತವೆ.

ಪ್ಲೇಟ್‌ಲೆಟ್ಟಿನ ಈ ಇಂಟೆಗ್ರಿನ್ ಜೋಡಿಯೇ ಕೆಟ್ಟವರಿಗೆ ಕೌಂಟ್ ಸರಿಯಾಗಿಯೇ ಇರುತ್ತದೆ, ರಕ್ತ ಮಾತ್ರ ನಿಲ್ಲುವುದಿಲ್ಲ. 1918ರಲ್ಲಿ ಸ್ವಿಸ್ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾಂಜ್‌ಮನ್ ಇದನ್ನು ವಿವರಿಸಿದರು, ಕಾಯಿಲೆಗೆ ಅವರದೇ ಹೆಸರು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಬರುವಂಥದು. ಹೀಗಾಗಿ ಒಳಸಂಬಂಧದ ಮದುವೆಗಳಿರುವ ಕಡೆ ಹೆಚ್ಚು. ಅಂಥ ಪಟ್ಟಿಗಳಲ್ಲಿ ದಕ್ಷಿಣ ಭಾರತದ ಹೆಸರು ಇದ್ದೇ ಇರುತ್ತದೆ. ನಮ್ಮ ಅಜ್ಜಿ ಮದುವೆಯಾದದ್ದು ತನ್ನ ಸೋದರಮಾವನನ್ನೇ. ನಮ್ಮ ವಂಶವೃಕ್ಷದಲ್ಲಿ ಒಂದು ಕೊಂಬೆ ಹೊರಟ ಕಡೆಗೇ ವಾಪಸು ಬಂದು ಸೇರಿದೆ. ಏನೂ ಆಗಲಿಲ್ಲ, ಸಿಡುಕು ಒಂದು ಎಲ್ಲರಿಗೂ ಎರಡೆರಡು ಪಾಲು ಬಂದಿದೆ ಎಂಬುದನ್ನು ಬಿಟ್ಟರೆ.

ಮೂರಕ್ಷರದ ಈ ಹಿಡಿಕೆಯ ಗುಟ್ಟು ಮನುಷ್ಯರಿಗೆ ಗೊತ್ತಾದದ್ದು 1984ರಲ್ಲಿ. ಗರಗಸ ಮಂಡಲದ ಹಾವಿಗೆ ಅದು ಎಂದಿನಿಂದಲೋ ಗೊತ್ತು. ನಮ್ಮ ಬಯಲುಸೀಮೆಯ ಕಲ್ಲು ನೆಲದಲ್ಲಿ ಸಿಗುವ ಗಿಡ್ಡ ಹಾವು, ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಚರಚರ ಸದ್ದು ಮಾಡುತ್ತದೆ. ಅದರ ವಿಷದಲ್ಲಿ 49 ಅಮೈನೋ ಆಮ್ಲಗಳ ಎಕಿಸ್ಟಾಟಿನ್ ಎಂಬ ಪುಟ್ಟ ಪ್ರೋಟೀನಿದೆ. ಅದರ ಒಂದು ಕುಣಿಕೆಯ ತುದಿಯಲ್ಲಿ ಎದ್ದು ಕಾಣುವುದು ಆರ್, ಜಿ, ಡಿ. ಪ್ಲೇಟ್‌ಲೆಟ್ಟಿನ ಕೈಗೆ ಅದು ಸುಳ್ಳು ಹಿಡಿಕೆ ಕೊಡುತ್ತದೆ, ನಿಜವಾದ ಹಿಡಿಕೆಗೆ ಕೈ ಖಾಲಿಯಿರುವುದಿಲ್ಲ, ರಕ್ತ ಕಟ್ಟುವುದಿಲ್ಲ. ಔಷಧ ತಯಾರಿಸುವವರು ಹಾವಿನ ಈ ಉಪಾಯವನ್ನೇ ನೋಡಿಕೊಂಡು ಟೈರೊಫಿಬಾನ್ ಎಂಬ ಮದ್ದು ಮಾಡಿದರು. 1998ರಿಂದ ಅದು ಹೃದಯಾಘಾತದವರ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಬಳಕೆಯಲ್ಲಿದೆ. ಹೃದ್ರೋಗದ ವಾರ್ಡಿನಲ್ಲಿ ಮಲಗಿದವರಿಗೆ ತಮ್ಮ ಸಲೈನಿನ ಬಾಟಲಿಯ ಹಿಂದೆ ಹಾವಿದೆ ಎಂದು ಹೇಳುವುದು ಬೇಡ ಎಂದು ನನ್ನ ಅಭಿಪ್ರಾಯ.

ಇನ್ನೊಬ್ಬನಿಗೂ ಈ ಗುಟ್ಟು ಗೊತ್ತು: ದನಗಳ ಕಾಲುಬಾಯಿ ಜ್ವರದ ವೈರಸ್ಸು. ಅದರ ಹೊರಕವಚದ ಒಂದು ಕುಣಿಕೆಯಲ್ಲಿ ಅದೇ ಆರ್‌ಜಿಡಿ ನೇತಾಡುತ್ತಿರುತ್ತದೆ. ಹಸುವಿನ ಕೋಶ ಎಂದಿನ ಹಿಡಿಕೆಯೇ ಎಂದು ಹಿಡಿದು ವೈರಸ್ಸನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗೆ ಮೋಸ ಹೋಗುವ ಇಂಟೆಗ್ರಿನ್ ಎಲ್ಲಿ ಹೇರಳ ಎಂದರೆ ನಾಲಿಗೆಯ ಮೇಲೆ, ಗೊರಸಿನ ಸಂದಿಯಲ್ಲಿ. ಕಾಲು, ಬಾಯಿ. ಚಿಕ್ಕಂದಿನಲ್ಲಿ ಊರಿನ ಕೊಟ್ಟಿಗೆಗಳಲ್ಲಿ ಜೊಲ್ಲು ಸುರಿಸುತ್ತ, ಕುಂಟುತ್ತ, ಮೇವಿನ ಕಡೆ ಮೂತಿ ತಿರುಗಿಸಿಯೂ ನೋಡದೆ ನಿಂತ ದನಗಳನ್ನು ನೋಡಿದ್ದೇನೆ. ಈ ರೋಗಕ್ಕೆ ಕಾಲು ಮತ್ತು ಬಾಯಿಯ ಮೇಲೇ ಏಕೆ ಕಣ್ಣು ಎಂದು ಆಗ ಯಾರನ್ನು ಕೇಳಿದರೂ ಅಮ್ಮನ ಮುನಿಸು ಎನ್ನುತ್ತಿದ್ದರು.

ಇದರ ಲಸಿಕೆಗೆ ವೈರಸ್ಸನ್ನು ಬೆಳೆಸಬೇಕು, ವೈರಸ್ಸಿಗೆ ಕೋಶ ಬೇಕು. ಹ್ಯಾಮ್‌ಸ್ಟರ್ ಎಂಬ ಇಲಿಯ ಕಡೆಯ ಪ್ರಾಣಿಯೊಂದರ ಮರಿಯ ಮೂತ್ರಪಿಂಡದಿಂದ 1961ರಲ್ಲಿ ಗ್ಲಾಸ್ಗೋದಲ್ಲಿ ಬೇರ್ಪಡಿಸಿದ ಕೋಶಗಳ ಸಂತತಿ ಇದಕ್ಕೆ ಹೆಸರುವಾಸಿ. ಬಾಟಲಿಯ ತಳಕ್ಕೆ ಹಿಡಿದುಕೊಂಡೇ ಬೆಳೆಸಬೇಕಾದರೆ ದೇಶದ ದನಗಳಿಗೆಲ್ಲ ಲಸಿಕೆ ಮಾಡಲು ಎಷ್ಟು ಬಾಟಲಿ ಬೇಕು? ಮರುವರ್ಷವೇ ಇಂಗ್ಲೆಂಡಿನ ಪಿರ್‌ಬ್ರೈಟಿನವರು ಆ ಕೋಶಗಳಿಗೆ ಏನನ್ನೂ ಹಿಡಿಯದೆ ತೇಲುತ್ತಲೇ ಬದುಕುವುದನ್ನು ರೂಢಿ ಮಾಡಿಸಿದರು. ಈಗ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಕಲಕುತ್ತ ಬೆಳೆಸುತ್ತಾರೆ. ಕೈಬಿಟ್ಟೂ ಸಾಯದ ಕೋಶ ಎಂದರೆ ಕ್ಯಾನ್ಸರಿನ ನೆನಪಾಗಿ ನನಗೆ ಅಷ್ಟು ಹಿತವೆನಿಸಲಿಲ್ಲ. "ತೊಟ್ಟಿ ಬಿಟ್ಟು ಎಲ್ಲಿಗೂ ಹೋಗಲ್ಲ ಮಾವ, ನೀವು ಕಾಫಿ ಕುಡೀರಿ" ಅಂದಳು.

ಆ ಲಸಿಕೆ ನಮ್ಮೂರಿಗೆ ಆರು ತಿಂಗಳಿಗೊಮ್ಮೆ ಐಸಿನ ಡಬ್ಬಿಯಲ್ಲಿ, ಪಶು ಆಸ್ಪತ್ರೆಯವರ ಬೈಕಿನ ಹಿಂದೆ ಕೂತು ಬರುತ್ತದೆ. ಹೋದ ಸಲ ನಾನು ಅಲ್ಲೇ ಇದ್ದೆ. ತಮ್ಮನ ಮನೆಯ ಗೌರಿಯನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ, ಒಬ್ಬ ಕೊಂಬು, ಒಬ್ಬ ಮೂಗುದಾರ, ಒಬ್ಬ ಬಾಲ ಹಿಡಿದಿದ್ದರು. ನನಗೆ ವಯಸ್ಸಿನ ಗೌರವಕ್ಕೆ ಹಗ್ಗದ ತುದಿ ಕೊಟ್ಟಿದ್ದರು. "ಯಾರೂ ಬಿಡಬ್ಯಾಡ್ರಿ, ಗಟ್ಟಿಯಾಗಿ ಹಿಡ್ಕಳ್ರಿ" ಎಂದು ಸೂಜಿಯಾತ ಕೂಗಿದ. ಸೂಜಿ ತಾಗಿದ್ದೇ ತಡ ಗೌರಿ ಒಂದು ಎಳೆತ ಎಳೆಯಿತು. ನನ್ನ ಹಿಡಿತದ ಮಿತಿ ಅಷ್ಟೇ ಇತ್ತು. ಹಗ್ಗದ ಸಮೇತ ಅದು ಪಕ್ಕದ ಮನೆಯವರ ಬದನೆ ಮಡಿಗೆ ನುಗ್ಗಿತು, ಹಿಂದೆ ತಮ್ಮ, ತಮ್ಮನ ಹಿಂದೆ ಬದನೆ ಮಡಿಯ ಯಜಮಾನಿ. ಲಸಿಕೆಯಾತ ತನ್ನ ರಿಜಿಸ್ಟರಿನಲ್ಲಿ ಗೌರಿಯ ಕಿವಿಯೋಲೆಯ ನಂಬರು ಬರೆದುಕೊಂಡು, ಮುಂದಿನ ಮನೆಯಲ್ಲಿ ದನ ಹಿಡಿಯುವುದಕ್ಕೆ ಬೇರೆ ಯಾರಾದರೂ ಇದ್ದಾರೆಯೇ ಎಂದು ನನ್ನನ್ನೇ ಕೇಳಿದ.